ಗಡೀಪಾರು ಅಂದರೆ ಎಲ್ಲಿಗೆ

ಫೋನಿನ ಆ ತುದಿಯಲ್ಲಿದ್ದ ಅಧಿಕಾರಿ ಹೇಳಿದ್ದನ್ನೇ ಹೇಳುತ್ತಿದ್ದರು. ಆಕೆ ಸಹಿ ಹಾಕಲು ಒಪ್ಪುತ್ತಿಲ್ಲ ಮೇಡಂ, ಹಾಕಿದರೆ ವಿಮಾನ ಹತ್ತಿಸುತ್ತಾರೆ, ಹಾಕದಿದ್ದರೆ ಅಲ್ಲೇ ಬಿದ್ದಿರಬೇಕಾಗುತ್ತದೆ. ಅವರ ಹಿಂದಿ ಇಸ್ತ್ರಿ ಹಾಕಿದಂತಿತ್ತು, ನನ್ನದು ಜಗಳೂರು ಹೈಸ್ಕೂಲಿನ ಹಿಂದಿ. ಅವಸರದಲ್ಲಿ "ಕ್ಯೂಂ ನಹೀ ಒಪ್ತೀ ಹೈ?" ಎಂದು ಕೇಳಿಬಿಟ್ಟೆ. ಅವರು ಹೇಗೋ ಅರ್ಥ ಮಾಡಿಕೊಂಡರು, ಪಾಪ. ಕಾರಣ ಕೇಳಿದರೆ ಅಳುತ್ತಾಳೆ, ತಲೆ ಅಲ್ಲಾಡಿಸುತ್ತಾಳೆ, ಅಷ್ಟೇ ಎಂದರು. ಶುಕ್ರವಾರ ಕೊನೆಯ ಸಲ ಹೋಗಿ ಕೇಳುತ್ತೇವೆ, ಅವತ್ತೂ ಒಪ್ಪದಿದ್ದರೆ ಕೇಸು ಅಲ್ಲಿಯ ಕೋರ್ಟಿಗೆ ಹೋಗುತ್ತದೆ, ಜೈಲಾದರೆ ಮತ್ತೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ ಎಂದೂ ಹೇಳಿದರು.

ಅವತ್ತು ಮಂಗಳವಾರ. ಅವರು ಕೂತಿದ್ದದ್ದು ಆಫ್ರಿಕಾದ ಒಂದು ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಯಲ್ಲಿ. ನಾನು ಚನ್ನಗಿರಿ ಕೋರ್ಟಿನ ಆವರಣದಲ್ಲಿ ಕರಿಕೋಟನ್ನು ತೋಳಿಗೆ ಹಾಕಿಕೊಂಡು ಆ ಕಡೆಯಿಂದ ಈ ಕಡೆಗೆ ಸುತ್ತುತ್ತಿದ್ದೆ. ನನಗೆ ಕೂತು ಫೋನಿನಲ್ಲಿ ಮಾತಾಡಲು ಬರುವುದಿಲ್ಲ. ವಕೀಲರ ಸಂಘದ ಗೆಳೆಯರು ನನ್ನನ್ನು ನೋಡಿ "ಮೇಡಂ ಗಾಣ ತಿರುಗಿಸ್ತಾ ಇದ್ದಾರೆ" ಎಂದು ನಗುತ್ತಾರೆ. ನಗಲಿ. ತಡ ಎನ್ನುವುದನ್ನು ಸಹಿಸಲಾಗದ ನಾನು ಕೋರ್ಟಿನಲ್ಲಿ ಹೇಗೆ ಹೊಟ್ಟೆ ಹೊರೆಯುತ್ತಿದ್ದೇನೋ ನನಗೇ ಗೊತ್ತಿಲ್ಲ.

ಚನ್ನಗಿರಿ ಸೀಮೆಯ ಕ್ಯಾಂಪುಗಳಲ್ಲಿ ನೆಲೆಸಿದ ಹಕ್ಕಿಪಿಕ್ಕಿ ಜನ ತಲೆಗೂದಲಿನ ಎಣ್ಣೆ ಮಾರಲು ಆಫ್ರಿಕಾಕ್ಕೆ ಹೋಗುತ್ತಾರೆ ಎಂದರೆ ದೊಡ್ಡ ಊರುಗಳ ನನ್ನ ಗೆಳತಿಯರು ಕಣ್ಣರಳಿಸುತ್ತಾರೆ. ನಮಗೆ ಅದು ಹಳೆಯ ಸುದ್ದಿ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಎಣ್ಣೆ ಬಾಟಲಿಯ ಚೀಲ ಹಿಡಿದು ನಿಂತ ಹೆಂಗಸು ಭದ್ರಾವತಿಗೆ ಹೊರಟಿದ್ದಾಳೋ ಬೇರೆ ಖಂಡಕ್ಕೆ ಹೊರಟಿದ್ದಾಳೋ ನೋಡಿದರೆ ತಿಳಿಯುವುದಿಲ್ಲ, ಎರಡಕ್ಕೂ ಅದೇ ಚೀಲ. ಹೀಗೆ ಹೋದವರಲ್ಲಿ ಇಬ್ಬರು ಗೆಳತಿಯರು, ಪ್ರವಾಸಿ ವೀಸಾದ ಮೇಲೆ ಹೋಗಿ ಅಲ್ಲಿಯ ಮಾರುಕಟ್ಟೆಯಲ್ಲಿ ಎಣ್ಣೆ ಮಾರುತ್ತಿದ್ದಾಗ ಸಿಕ್ಕಿಬಿದ್ದರು. ಪ್ರವಾಸಕ್ಕೆ ಹೋದವರು ವ್ಯಾಪಾರ ಮಾಡುವಂತಿಲ್ಲ ಎನ್ನುವುದು ಅಲ್ಲಿಯ ಕಾನೂನು, ಬಹುಶಃ ಎಲ್ಲ ಕಡೆಯ ಕಾನೂನೂ ಅದೇ. ಇಬ್ಬರನ್ನೂ ಹೊರದೇಶದವರನ್ನು ಕೂಡಿಹಾಕುವ ಕೇಂದ್ರದಲ್ಲಿ ಇಟ್ಟರು. ಒಬ್ಬಳು ತಾನಾಗಿ ವಾಪಸು ಹೋಗುತ್ತೇನೆಂದು ಸಹಿ ಹಾಕಿ ಬಂದುಬಿಟ್ಟಳು. ಇನ್ನೊಬ್ಬಳ ಪಾಸ್‌ಪೋರ್ಟು ಸಿಗುವುದು ತಡವಾಯಿತು. ಪಾಸ್‌ಪೋರ್ಟು ಸಿಕ್ಕ ಮೇಲೆ ಅವಳೇ ಬರಲು ಒಪ್ಪುತ್ತಿಲ್ಲ.

ಅವಳ ಅತ್ತೆ ಕೋರ್ಟಿನ ಮೆಟ್ಟಿಲ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. ಉಚಿತ ಕಾನೂನು ನೆರವಿನ ವಕೀಲರ ಪಟ್ಟಿಯಲ್ಲಿ ನನ್ನ ಹೆಸರಿದೆ ಎಂದು ಯಾರೋ ಹೇಳಿ ಕಳಿಸಿದಂದಿನಿಂದ ಆ ಅಜ್ಜಿ ನನ್ನ ಬೆನ್ನು ಬಿಟ್ಟಿರಲಿಲ್ಲ. ಚನ್ನಗಿರಿ ಕೋರ್ಟಿನ ವಕೀಲೆಯ ಕೈ ಎಷ್ಟು ದೂರ ಚಾಚೀತು? ಮನವಿ ಬರೆದೆ, ಇಮೇಲ್ ಕಳಿಸಿದೆ, ಫೋನು ಹಚ್ಚಿದೆ, ಹೊಸದಿಲ್ಲಿಯ ಕಚೇರಿಗಳಲ್ಲಿ ಕಾಯಿಸುವ ಸಂಗೀತವನ್ನೆಲ್ಲ ಬಾಯಿಪಾಠ ಮಾಡಿಕೊಂಡೆ. ಇಷ್ಟೆಲ್ಲ ಆಗಿ ಕೊನೆಗೆ ಬಾಗಿಲು ತೆರೆದಾಗ, ಒಳಗಿದ್ದವಳೇ ಚಿಲಕ ಹಾಕಿಕೊಂಡು ಕೂತಿದ್ದಾಳೆ ಎಂದರೆ ಹೇಗಾಗಬೇಡ? ನಿಜ ಹೇಳುತ್ತೇನೆ, ನನಗೆ ಅವಳ ಮೇಲೆ ವಿಪರೀತ ಸಿಟ್ಟು ಬಂತು.

"ಏನಂತೆ ಲಾಯರಮ್ಮ?" ಅಜ್ಜಿ ಕೇಳಿದಳು.

"ನಿನ್ನ ಸೊಸೆ ಸಹಿ ಹಾಕಲ್ಲ ಅಂತಾಳಂತೆ. ಅಲ್ಲೇನು ಅವಳ ತವರುಮನೆ ಐತಾ?"

ಅಜ್ಜಿ ಸಿಟ್ಟಾಗಲಿಲ್ಲ. "ಹಂಗಲ್ಲ ಬಿಡ್ರಿ. ಏಳು ವರ್ಷದ ಮಗಳು ಇಲ್ಲಿ ಐತಲ್ಲ. ಆ ಕೂಸಿನ ಸಲುವಾಗಿ ನಡಕಂಡಾದ್ರೂ ಬರಾಕಿ ಅವಳು. ಬರಲ್ಲ ಅಂದ್ರೆ ಏನೋ ಐತೆ" ಎಂದಳು. "ನನ್ನ ಮಗನ್ನ ಕೇಳ್ರಿ. ಗಂಡ ಹೆಂಡ್ತಿ ಫೋನಿನಾಗೆ ಏನೋ ಮಾತಾಡ್ಯಾರೆ. ನನಗೆ ಹೇಳಲ್ಲ. ಜಗಳೂರಾಗೆ ಅದಾನೆ, ಎಣ್ಣೆ ಮಾರಾಕೆ ಹೋಗ್ಯಾನೆ."

ಫೋನು ಮಾಡಿದರೆ ಆ ಮಹಾರಾಯ ಎತ್ತಲಿಲ್ಲ. ಒಂದು ಸಲ ಎತ್ತಿ, ನನ್ನ ದನಿ ಕೇಳಿ, ಹಲೋ ಹಲೋ ಕೇಳಿಸ್ತಿಲ್ಲ ಎಂದು ಇಟ್ಟ. ನಾನು ಸುಳ್ಳುಸಾಕ್ಷಿಗಳ ನಡುವೆಯೇ ಬದುಕುವವಳು, ಇಂಥ ಹಲೋ ನನಗೆ ಚೆನ್ನಾಗಿ ಗೊತ್ತು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ದಾವಣಗೆರೆ, ಅಲ್ಲಿಂದ ಜಗಳೂರಿಗೆ ಹೊರಟೆ.

ಜಗಳೂರು ನನ್ನ ತವರು. ಚನ್ನಗಿರಿಯ ತೋಟಗಳ ತಂಪು ಬಿಟ್ಟು ಹೋದರೆ ಅಲ್ಲಿಯ ಬಿಸಿಲು ಕಪಾಳಕ್ಕೆ ಹೊಡೆದಂತೆ ಬಡಿಯುತ್ತದೆ. ಆದರೂ ಬಸ್ಸು ಊರು ಹೊಕ್ಕ ಕೂಡಲೇ ನನ್ನ ಮೈ ಹಗುರಾಗುತ್ತದೆ, ಅದೇಕೋ. ಬಸ್‌ಸ್ಟ್ಯಾಂಡಿನಲ್ಲೇ ನನ್ನ ಅಣ್ಣ ಸಿಕ್ಕ. "ಏನವ್ವ, ಕಾಲಿಗೆ ಚಕ್ರ ಕಟ್ಕಂಡು ಬಂದ್ಯಾ? ಮನಿಗೆ ಬಾ, ರೊಟ್ಟಿ ಉಂಡು ಹೋಗು" ಎಂದ. ಕೆಲಸ ಐತೆ ಎಂದೆ. "ನಿನಗೆ ಯಾವಾಗ ಕೆಲಸ ಇರಲಿಲ್ಲ" ಎಂದು ಗೊಣಗಿಕೊಂಡು ಹೋದ. ಅತ್ತಿಗೆ ಆಮೇಲೆ ಇದಕ್ಕೆ ನನ್ನ ಮೇಲೆ ಮುನಿಸಿಕೊಂಡಳು.

ಆ ಗಂಡ ಬಸ್‌ಸ್ಟ್ಯಾಂಡಿನ ಎದುರು ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ ಎಣ್ಣೆ ಬಾಟಲಿ ಜೋಡಿಸಿಕೊಂಡು ಕೂತಿದ್ದ. ಅವನದೇ ತಲೆಗೂದಲು ಹೆಗಲಿನ ತನಕ ಹೊಳೆಯುತ್ತಿತ್ತು, ಅದೇ ಅವನ ಜಾಹೀರಾತು. ನನ್ನನ್ನು ನೋಡಿದ್ದೇ ಎದ್ದು ನಿಂತ. ಓಡುವ ಯೋಚನೆ ಅವನ ಕಣ್ಣಲ್ಲಿ ಬಂದು ಹೋಯಿತು, ಆದರೆ ಬಾಟಲಿಗಳನ್ನು ಬಿಟ್ಟು ಎಲ್ಲಿಗೆ ಓಡುತ್ತಾನೆ?

"ಹೆಂಡ್ತಿ ಜೊತೆ ಏನು ಮಾತಾಡಿದೆ?" ಎಂದೆ.

ಬಾಟಲಿಗಳನ್ನು ಮತ್ತೆ ಸರಿಸಿ ಜೋಡಿಸಿದ. ಆಮೇಲೆ ಹೇಳಿದ. ಅಲ್ಲಿ ಕಿರಾಣಿ ಅಂಗಡಿ ಇಟ್ಟ ಒಬ್ಬ ಗುಜರಾತಿ ಇದ್ದಾನಂತೆ. ಇವರ ಮನೆಮಾತು ಗುಜರಾತಿ ಭಾಷೆಗೆ ಹತ್ತಿರ, ಹಾಗಾಗಿ ಅವನಿಗೆ ಅರ್ಧಂಬರ್ಧ ತಿಳಿಯುತ್ತದಂತೆ. ಅಷ್ಟರಿಂದಲೇ ಪರಿಚಯವಾಗಿ, ಹಿಡಿದಿಟ್ಟ ಹೆಂಗಸರಿಗೆ ಅವನು ಅನ್ನ ಸಾರು ತಂದುಕೊಡುತ್ತಿದ್ದ. ಒಂದು ದಿನ ತನ್ನ ಫೋನಿನಲ್ಲಿ ಮಾತನ್ನೂ ಆಡಿಸಿದ. ಆ ದಿನ ಇವನು ಹೆಂಡತಿಗೆ ಹೇಳಿದ್ದು ಒಂದೇ ಮಾತು.

"ಸೈನ್ ಹಾಕಬ್ಯಾಡ ಅಂದೆ ಅಕ್ಕಾರೆ. ಸೈನ್ ಹಾಕಿದ್ರೆ ಗಡೀಪಾರು ಮಾಡ್ತಾರೆ. ಯಾರ ಹತ್ರನೂ ಬಾಯಿ ಬಿಡಬ್ಯಾಡ ಅಂದೆ."

"ಗಡೀಪಾರು ಮಾಡಲಿ ಅಂತಾನೇ ನಾನು ಒದ್ದಾಡ್ತಿರೋದು!"

ಅವನು ನನ್ನನ್ನು ನೋಡಿದ ನೋಟವನ್ನು ಹೇಗೆ ಹೇಳಲಿ? ಹಣ ತಿಂದು ಎದುರಾಳಿಯ ಕಡೆ ಸೇರಿದ ವಕೀಲೆಯನ್ನು ನೋಡುವಂತೆ ನೋಡಿದ. "ಗಡೀಪಾರು ಆದ್ರೆ ಅವಳು ಊರಿಗೆ ಹೆಂಗೆ ಬರ್ತಾಳ್ರೀ? ನಮ್ಮ ಚನ್ನಗಿರಿ ಬಸ್‌ಸ್ಟ್ಯಾಂಡ್ ಹಿಂದಿನ ಓಣಿ ಹುಡುಗನ್ನ ಗಡೀಪಾರು ಮಾಡಿರಲಿಲ್ವಾ? ಅವರವ್ವ ವರ್ಷಗಟ್ಟಲೆ ರೊಟ್ಟಿ ಕಟ್ಕಂಡು ಶಿವಮೊಗ್ಗದ ಕಡಿ ಹೋಗಿ, ಅವನಿಗೆ ಉಣ್ಸಿ ಬರ್ತಿದ್ಲು. ಮನಿ ಹತ್ರ ಸುಳಿದ್ರೆ ಒಳಗೆ ಹಾಕ್ತಿದ್ರು. ನೀವೇ ಅಲ್ವೇನ್ರೀ ಅವನ ಲಾಯರ್ರು?"

ಹೌದು, ನಾನೇ. ಸೋತ ಕೇಸು ಅದು. ಹೊಡೆದಾಟದ ಕೇಸುಗಳಿದ್ದ ಹುಡುಗನನ್ನು ಪೊಲೀಸ್ ಕಾಯ್ದೆಯಡಿ ತಾಲ್ಲೂಕಿನಿಂದ ಹೊರಗೆ ಹಾಕಿದ್ದರು. ನಮ್ಮೂರಲ್ಲಿ ಗಡೀಪಾರು ಎಂದರೆ ಅದೇ. ಚುನಾವಣೆಗೆ ಮುಂಚೆ, ಗಣಪತಿ ಹಬ್ಬಕ್ಕೆ ಮುಂಚೆ ಕೇಳಿಬರುವ ಮಾತು. ಗಡೀಪಾರಾದವನು ಮನೆಗೆ ಬರುವಂತಿಲ್ಲ, ತಾಯಿಯ ಮುಖ ನೋಡಬೇಕಾದರೆ ಹದ್ದಿನ ಆಚೆ ನಿಲ್ಲಬೇಕು. ಹೊರದೇಶದಿಂದ ವಾಪಸು ಕಳಿಸುವುದಕ್ಕೂ ಪತ್ರಿಕೆಯವರು ಅದೇ ಪದ ಬಳಸುತ್ತಾರೆ. ಒಂದರಲ್ಲಿ ಮನೆಯಿಂದ ಓಡಿಸುತ್ತಾರೆ, ಇನ್ನೊಂದರಲ್ಲಿ ಮನೆಗೆ ಕಳಿಸುತ್ತಾರೆ, ಎರಡಕ್ಕೂ ಒಂದೇ ಪದ. ಇಷ್ಟು ವರ್ಷ ನಾನು ಎರಡನ್ನೂ ಓದಿದ್ದೇನೆ, ಬರೆದಿದ್ದೇನೆ, ಒಮ್ಮೆಯೂ ನನ್ನ ಕಣ್ಣಿಗೆ ಅದು ಚುಚ್ಚಿರಲಿಲ್ಲ.

ಮೊದಲು ಬಂದ ಗೆಳತಿಯ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಬಂದಿತ್ತಂತೆ. ಇದೇ ಜಗಳೂರಿನ ಚಹಾದ ಹೋಟೆಲಿನಲ್ಲಿ ಯಾರೋ ಗಟ್ಟಿಯಾಗಿ ಓದಿದರಂತೆ, ಚನ್ನಗಿರಿ ತಾಲ್ಲೂಕಿನ ಮಹಿಳೆ ಗಡೀಪಾರು ಎಂದು. ಆ ಗೆಳತಿ ಆಗ ಬೆಂಗಳೂರಿನಲ್ಲಿ ಇಳಿದು ಬಸ್ಸಿನಲ್ಲಿ ಊರ ಕಡೆ ಬರುತ್ತಿದ್ದಳು. ಅವಳಿಗೆ ಫೋನು ಮಾಡಿ, ನೀನು ಗಡೀಪಾರಾಗಿದ್ದೀ, ತಾಲ್ಲೂಕಿನ ಒಳಗೆ ಕಾಲಿಡಬೇಡ, ಹಿಡಿದು ಒಳಗೆ ಹಾಕುತ್ತಾರೆ ಎಂದ. ಆಮೇಲೆ ಹೆಂಡತಿಗೆ ಸಹಿ ಹಾಕಬೇಡ ಎಂದ.

"ಹಂಗಾದ್ರೆ ಆ ಗೆಳತಿ ಎಲ್ಲಿ?" ಎಂದೆ.

"ಗೋವಿನಕೋವಿಯಾಗೆ ಅದಾಳೆ. ನ್ಯಾಮತಿ ತಾಲ್ಲೂಕು ಬೇರೆ ಅಲ್ವಾ, ಅಲ್ಲಿ ಇರಬಹುದು ಅಂದ್ಕಂಡ್ವಿ."

ಬಂದು ತಿಂಗಳ ಮೇಲಾಗಿತ್ತು. ಅಷ್ಟು ದೂರದಿಂದ ಬಂದವಳು ತನ್ನ ಮನೆ ಒಂದು ಬಸ್ಸಿನ ದಾರಿ ಇರುವಾಗ ಪಕ್ಕದ ತಾಲ್ಲೂಕಿನಲ್ಲಿ ಅವಿತು ಕೂತಿದ್ದಳು. ನಾನು ಅವನಿಗೆ ಅಲ್ಲೇ, ಬಸ್ಸುಗಳ ಹಾರ್ನಿನ ನಡುವೆ, ಗಡೀಪಾರಿನ ಎರಡು ಅರ್ಥಗಳನ್ನು ಬಿಡಿಸಿ ಬಿಡಿಸಿ ಹೇಳಿದೆ. ಅವನು ಜಾಣ, ತಿಳಿದುಕೊಂಡ. ತಿಳಿದ ಮೇಲೆ ತಲೆ ಮೇಲೆ ಕೈ ಹೊತ್ತು ಕೂತ. "ಈಗ ನಾನು ಹೇಳಿದ್ರೂ ಅವಳು ನಂಬಲ್ಲ ಅಕ್ಕಾರೆ. ಯಾರೋ ಹೆದರ್ಸಿ ಹೇಳಿಸ್ತಾ ಇದಾರೆ ಅಂತಾಳೆ. ಸೈನ್ ಹಾಕಿ ಬಂದಾಕಿ ನಮ್ಮ ಕ್ಯಾಂಪಿನಾಗೆ ನಿಂತು ಮಾತಾಡಿದ್ರೆ ನಂಬ್ತಾಳೆ. ಬ್ಯಾರೆ ಯಾರು ಹೇಳಿದ್ರೂ ಇಲ್ಲ."

ಗುಜರಾತಿಯವನ ಫೋನನ್ನು ಕಾವಲಿನವರು ಆಮೇಲೆ ಒಳಗೆ ಬಿಟ್ಟಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಅಧಿಕಾರಿ ಅಲ್ಲಿಗೆ ಹೋದಾಗ ಅವರ ಮೊಬೈಲಿನಲ್ಲಿ ಒಂದು ಸಲ ಮಾತಾಡಿಸಬಹುದು, ಅಷ್ಟೇ. ನನಗೆ ಉಳಿದದ್ದು ಗುರುವಾರ ಮತ್ತು ಶುಕ್ರವಾರದ ಬೆಳಗು. ಗುರುವಾರ ಹೊನ್ನಾಳಿ ಕೋರ್ಟಿನಲ್ಲಿ ನನ್ನದೊಂದು ಕೇಸಿತ್ತು. ಬೆಳಿಗ್ಗೆಯಿಂದ ಕಾದು ಕೂತೆ. ಕೂತೆ ಎಂದರೆ ಸುಳ್ಳು, ವರಾಂಡದ ಟೈಲ್ಸು ಸವೆಸಿದೆ. ಮಧ್ಯಾಹ್ನ ಮುಂದಿನ ದಿನಾಂಕ ಕೊಟ್ಟರು. ಬೇರೆ ದಿನವಾಗಿದ್ದರೆ ಉರಿದುಬೀಳುತ್ತಿದ್ದೆ, ಅವತ್ತು ಹಾಗೇ ಬಸ್ಸಿಗೆ ಓಡಿದೆ.

ಗೋವಿನಕೋವಿಯಲ್ಲಿ ಅವಳಿಗೆ ಆಸರೆ ಕೊಟ್ಟಿದ್ದು ಒಬ್ಬ ಅಂಗನವಾಡಿ ಕಾರ್ಯಕರ್ತೆ. ಹಳೆಯ ಗಿರಾಕಿಯಂತೆ. ಎಣ್ಣೆ ಮಾರಲು ಬಂದಾಗಲೆಲ್ಲ ಅವರ ಮನೆಯಲ್ಲಿ ನೀರು ಕುಡಿದು ಹೋಗುತ್ತಿದ್ದ ಪರಿಚಯ. ಪಡಸಾಲೆಯ ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಚಾಪೆ, ಚಾಪೆಯ ಮೇಲೆ ಕೂತು ಅವಳು ಹುಣಸೆಹಣ್ಣು ಬಿಡಿಸುತ್ತಿದ್ದಳು. ಕರಿಕೋಟು ನೋಡಿ ಗೋಡೆಗೆ ಅಂಟಿಕೊಂಡಳು. ಕೋಟು ತೆಗೆದು ಚೀಲಕ್ಕೆ ತುರುಕಿ, ನಾನೂ ಹುಣಸೆಹಣ್ಣು ಬಿಡಿಸಲು ಕೂತೆ. ಮನೆಯಾಕೆ ಚಹಾ ತಂದಿಟ್ಟು, "ಮನಿಗೆ ಹೋಗು ಅಂತ ನಾನೂ ಹೇಳಿ ಹೇಳಿ ಸಾಕಾಯ್ತು ಮೇಡಂ. ಇರೋದಾದ್ರೆ ಇರಲಿ, ನನಗೇನು ಭಾರ ಇಲ್ಲ. ಆದ್ರೆ ದಿನಾ ಸಂಜೆ ರೋಡಿಗೆ ಹೋಗಿ ಚನ್ನಗಿರಿ ದಿಕ್ಕಿಗೆ ನೋಡ್ಕಂತ ನಿಲ್ತಾಳೆ. ಅದನ್ನ ನೋಡಾಕೆ ಆಗಲ್ಲ" ಎಂದರು.

ನಾನು ಕಾನೂನು ಹೇಳಿದೆ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಜೋರು ನನ್ನ ಗುಣ, ಏನು ಮಾಡಲಿ? ನಿನ್ನನ್ನು ಹೊರಗೆ ಹಾಕಿದ್ದು ಆ ದೇಶ, ನಿನ್ನ ಊರಲ್ಲ, ಅದು ಆ ದೇಶದ ಗಡಿ ಎಂದೆ.

"ಗಡಿ ಅಂದ್ರೆ ಗಡಿನೇ ಅಲ್ವೇನಕ್ಕ?" ಎಂದಳು.

"ಅಲ್ಲವ್ವ. ನಿನ್ನೂರಿಂದ ನಿನ್ನ ಯಾರೂ ಓಡ್ಸಿಲ್ಲ."

ಅವಳು ಬೀಜವೊಂದನ್ನು ಬೆರಳಲ್ಲಿ ಒತ್ತಿ ತೆಗೆದು ಪಕ್ಕಕ್ಕಿಟ್ಟಳು. "ನಮ್ಮಜ್ಜಿ ಹೇಳ್ತಿದ್ಲು. ಅವಾಗೆಲ್ಲ ಊರ ಹೊರಗೆ ಗುಡಾರ ಹಾಕಿದ್ರೆ ಊರೋರು ಬಂದು ಎಬ್ಬಿಸ್ತಿದ್ರಂತೆ. ಹದ್ದು ದಾಟಿಸಿ, ಆಚಿಗೆ ಹೋದ್ರೋ ಇಲ್ವೋ ಅಂತ ನಿಂತು ನೋಡಿ ಹೋಗ್ತಿದ್ರಂತೆ. ಏನು ತಪ್ಪು ಮಾಡಿದ್ವಿ ಅಂತ ಕೇಳಿದ್ರೆ ಒದೆ. ಅವಾಗ ಅದನ್ನ ಪೇಪರಿನಾಗೆ ಹಾಕ್ತಿರಲಿಲ್ಲ. ಈಗ ಪೇಪರಿನಾಗೆ ಬಂದೈತೆ ಅಂದ್ರೆ ಸರ್ಕಾರಾನೇ ಮಾಡಿರಬೇಕಲ್ಲ?"

ಇದನ್ನು ದಡ್ಡತನ ಎಂದುಕೊಂಡು ಬಂದಿದ್ದೆ. ಊರು ಬಿಟ್ಟು ಹೋಗು ಎನ್ನಿಸಿಕೊಂಡ ಅಜ್ಜಿಯ ಮೊಮ್ಮಗಳಿಗೆ ಗಡೀಪಾರು ಎಂದರೆ ಬೇರೆ ಏನು ಕೇಳಿಸಬೇಕಿತ್ತು? ನನಗೆ ನನ್ನ ಜೋರು ದನಿಯ ಬಗ್ಗೆ ನಾಚಿಕೆಯಾಯಿತು, ಆದರೆ ನಾಚಿಕೊಂಡು ಕೂರಲು ಹೊತ್ತಿರಲಿಲ್ಲ. ನಾಳೆ ನೀನು ಕ್ಯಾಂಪಿನಲ್ಲಿ ನಿಂತು ಮಾತಾಡದಿದ್ದರೆ ನಿನ್ನ ಗೆಳತಿ ಜೈಲಿಗೆ ಹೋಗುತ್ತಾಳೆ ಎಂದೆ. ಅದೊಂದು ಮಾತು ಅವಳಿಗೆ ತಟ್ಟಿತು. ಕೈಯಲ್ಲಿದ್ದ ಹುಣಸೆಹಣ್ಣು ಕೆಳಗಿಟ್ಟು, "ಅವಳ ಪಾಲಿನ ಅನ್ನಾನೂ ನನಗೇ ಹಾಕ್ತಿದ್ಲು ಅಲ್ಲಿ. ಬರ್ತೀನಿ" ಎಂದಳು. ಆ ರಾತ್ರಿ ನಾನೂ ಅದೇ ಮನೆಯಲ್ಲಿ ಉಳಿದೆ.

ಶುಕ್ರವಾರ ಬೆಳಿಗ್ಗೆ ಹೊನ್ನಾಳಿಗೆ ಬಂದು ಚನ್ನಗಿರಿ ಬಸ್ಸು ಹತ್ತಿದೆವು. ಅವಳು ಕಿಟಕಿಯ ಪಕ್ಕ ಕೂತು, ಸೆರಗನ್ನು ತಲೆ ತುಂಬ ಹೊದ್ದು, ಚೀಲವನ್ನು ಅಪ್ಪಿಕೊಂಡಿದ್ದಳು. ಎಲ್ಲ ಸರಿಯಾಗಿಯೇ ನಡೆದಿತ್ತು. ಚನ್ನಗಿರಿ ತಾಲ್ಲೂಕು ಆರಂಭ ಎಂಬ ಹಸಿರು ಬೋರ್ಡು ದೂರದಲ್ಲಿ ಕಂಡಿತು. ಅಷ್ಟೇ, ಅವಳು ಎದ್ದು ಕಂಬಿ ಬಡಿಯಲು ಶುರುಮಾಡಿದಳು. "ಇಳಿಸ್ರೀ! ಇಳಿಸ್ರೀ!"

ಕಂಡಕ್ಟರ್ ಸೀಟಿ ಊದಿದ. "ಏನವ್ವ, ಚನ್ನಗಿರಿ ಟಿಕೆಟ್ ತಗಂಡು ಇಲ್ಲಿ ಬಯಲಾಗೆ ಇಳೀತೀಯಾ? ವಾಂತಿ ಬಂತಾ?" ಎಂದ. ಅವಳು ಉತ್ತರ ಕೊಡದೆ ಧುಮುಕಿದಳು. ಅವಳ ಹಿಂದೆ ನಾನೂ ಇಳಿದೆ. ಬಸ್ಸು ನಮ್ಮ ಮೇಲೆ ದೂಳು ಹಾರಿಸಿ ಹೋಯಿತು.

ಬೋರ್ಡಿಗಿಂತ ಸ್ವಲ್ಪ ಈಚೆ, ರಸ್ತೆ ಬದಿಯ ಕಲ್ಲಿನ ಮೇಲೆ ಅವಳು ಕೂತಳು. ಆಗಲ್ಲಕ್ಕ, ಆಗಲ್ಲಕ್ಕ ಎನ್ನುತ್ತಿದ್ದಳು. ನಾನು ಬೋರ್ಡನ್ನು ದಾಟಿ ಹೋದೆ, ವಾಪಸು ಬಂದೆ, ಮತ್ತೆ ದಾಟಿದೆ, ನೋಡು ಏನಾಯಿತು ಎಂದೆ. ಹುಚ್ಚಿಯ ಹಾಗೆ ಕಂಡಿರಬೇಕು. ಒಬ್ಬ ಬೈಕಿನವನು ನಿಧಾನ ಮಾಡಿ ನೋಡಿಕೊಂಡು ಹೋದ. "ನಿಮಗೇನಾಗ್ತೈತೆ, ನೀವು ಲಾಯರ್ರು" ಎಂದಳು. ಚನ್ನಗಿರಿ ಠಾಣೆಯ ಪರಿಚಯದ ದಫೇದಾರರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಅವರು ವಿಷಯ ಕೇಳಿ ನಕ್ಕು, "ಅಂಥದ್ದೇನೂ ಇಲ್ಲವ್ವ, ಆರಾಮಾಗಿ ಬಾ" ಎಂದರು. ಅದರಿಂದ ಇನ್ನೂ ಕೆಟ್ಟಿತು. "ಪೊಲೀಸ್ರು ನಕ್ಕಂಡು ಬಾ ಅಂದ್ರೆ ಹಿಡಿಯಾಕೇ ಅಲ್ವಾ ಕರೆಯಾದು?" ಎಂದಳು. ನನ್ನ ಅನುಭವವೂ ಅವಳ ಮಾತಿನ ಕಡೆಗೇ ಇತ್ತು.

ಹೊತ್ತು ಏರುತ್ತಿತ್ತು. ಅಧಿಕಾರಿಯ ಫೋನು ಬಂದರೆ ಈ ಬಯಲಿನಲ್ಲಿ ನಿಂತು ಏನು ತೋರಿಸಲಿ? ಕೊನೆಗೆ ಕೋರ್ಟಿನ ಮೆಟ್ಟಿಲ ಮೇಲೆ ಕೂರುತ್ತಿದ್ದ ಆ ಅಜ್ಜಿಗೇ ಫೋನು ಮಾಡಿದೆ. ಹೀಗ್ಹೀಗೆ, ಬೋರ್ಡಿನ ಹತ್ತಿರ ಕೂತಿದ್ದಾಳೆ, ದಾಟುತ್ತಿಲ್ಲ ಎಂದೆ. "ಕೆರೆಬಿಳಚಿ ಕಡಿ ಬೋರ್ಡಾ? ಕೂರಿಸ್ಕಳ್ರಿ, ಬರ್ತೀನಿ" ಎಂದು ಫೋನಿಟ್ಟಳು.

ಲಗೇಜು ಆಟೊದ ಹಿಂದೆ, ಖಾಲಿ ಟೊಮೆಟೊ ಕ್ರೇಟುಗಳ ನಡುವೆ ನಿಂತುಕೊಂಡು ಬಂದಳು ಅಜ್ಜಿ. ಬೋರ್ಡಿನ ಆಚೆ ಆಟೊ ನಿಲ್ಲಿಸಿ, ಇಳಿದು, ಸೀರೆ ಕೊಡವಿಕೊಂಡು ನಮ್ಮ ಕಡೆಗೆ ನಡೆದು ಬಂದಳು. ನಾನು ಅಪ್ಪಿಕೊಳ್ಳುತ್ತಾಳೆ, ಅಳುತ್ತಾಳೆ ಎಂ‌ದುಕೊಂಡೆ. ಅಂಥದ್ದೇನೂ ಇಲ್ಲ. ಅವಳ ಮಡಿಲಿಂದ ಚೀಲವನ್ನು ಕಿತ್ತುಕೊಂಡು, ತಿರುಗಿ ನಡೆದು, ಆಟೊದೊಳಗೆ ಇಟ್ಟುಬಿಟ್ಟಳು. ಅಲ್ಲಿಂದಲೇ ಕೂಗಿದಳು.

"ನಿನ್ನ ಚೀಲ ಊರಿಗೆ ಹೊಂಟೈತೆ. ನೀನು ಏನ್ ಮಾಡ್ತಿಯೋ ಮಾಡು."

ಚೀಲದಲ್ಲಿ ಅವಳ ಪಾಸ್‌ಪೋರ್ಟು, ಬಟ್ಟೆ, ಉಳಿದ ಎಣ್ಣೆ ಬಾಟಲಿ, ಎಲ್ಲ ಇದ್ದವು. ಅವಳು ಎದ್ದಳು. ಕಣ್ಣು ಮುಚ್ಚಿಕೊಂಡು, ನನ್ನ ಕೈಯನ್ನು ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದು ನಡೆದಳು. ದಾಟಿದ ಮೇಲೂ ಕಣ್ಣು ತೆರೆಯಲಿಲ್ಲ. ಆಟೊ ಹತ್ತಿ ಕ್ರೇಟಿನ ಮೇಲೆ ಕೂತಾದ ಮೇಲೆಯೇ ತೆರೆದದ್ದು.

ಕ್ಯಾಂಪಿಗೆ ಹೋದರೆ ಸುದ್ದಿ ನಮಗಿಂತ ಮುಂಚೆ ತಲುಪಿತ್ತು. ಹೆಂಗಸರೆಲ್ಲ ರಸ್ತೆಗೆ ಬಂದು ನಿಂತಿದ್ದರು. ನಾನು ಹೆದರಿದ್ದೆ, ಇಷ್ಟು ದಿನ ದೂರ ಇದ್ದವಳನ್ನು ಇವರೂ ಏನಾದರೂ ಅನುಮಾನಿಸುತ್ತಾರೋ ಎಂದು. ಅವಳು ಇಳಿದದ್ದೇ ತಡ, ಬೈಗುಳದ ಮಳೆ. ಅವಳ ತಾಯಿ, ನಾದಿನಿ, ಅಕ್ಕಪಕ್ಕದವರು, ಎಲ್ಲರೂ ಒಟ್ಟಿಗೆ. ಅವರ ಭಾಷೆಯ ಒಂದು ಪದವೂ ನನಗೆ ಬಾರದಿದ್ದರೂ ಬೈಗುಳ ಎಂದು ತಿಳಿಯಲು ಕಷ್ಟವೇನಿರಲಿಲ್ಲ. ಬೈಯುತ್ತಲೇ ಒಬ್ಬಳು ನೀರು ಕೊಟ್ಟಳು, ಒಬ್ಬಳು ತಲೆ ನೇವರಿಸಿದಳು. ಜಗಳೂರಿನಿಂದ ಹಿಂದಿನ ದಿನವೇ ಬಂದಿದ್ದ ಆ ಗಂಡ ಮಾತ್ರ ದೂರದಲ್ಲಿ ಮೂಲೆ ಹಿಡಿದಿದ್ದ. ಅವನ ಪಾಲಿನ ಬೈಗುಳ ಹಿಂದಿನ ದಿನವೇ ಮುಗಿದಿತ್ತಂತೆ.

ಮಧ್ಯಾಹ್ನ ಊಟದ ಹೊತ್ತು ಮೀರಿದ ಮೇಲೆ ಅಧಿಕಾರಿಯ ವಿಡಿಯೊ ಕರೆ ಬಂತು. ಬಿಳಿ ಗೋಡೆ, ಕಬ್ಬಿಣದ ಬೆಂಚು, ಬೆಂಚಿನ ತುದಿಯಲ್ಲಿ ಅಜ್ಜಿಯ ಸೊಸೆ. ಅಜ್ಜಿ ತೋರಿಸಿದ್ದ ಫೋಟೊದ ಮುಖವೇ ಅಲ್ಲ, ಕೆನ್ನೆಯ ಮೂಳೆ ಎದ್ದಿತ್ತು. ಎಣ್ಣೆ ಮಾರುವವಳ ಕೂದಲು ನಾರಾಗಿತ್ತು. ಎದುರಿಗೆ ಮೇಜಿನ ಮೇಲೆ ಕಾಗದ. ಅವಳು ಅದರ ಕಡೆ ನೋಡುತ್ತಲೂ ಇರಲಿಲ್ಲ.

ಗೋವಿನಕೋವಿಯ ಗೆಳತಿಯ ಕೈಗೆ ಫೋನು ಕೊಟ್ಟೆ. ಅವಳು ಫೋನನ್ನು ತಿರುಗಿಸಿ ತಿರುಗಿಸಿ ನಲ್ಲಿ, ಮನೆಗಳ ಸಾಲು, ಒಣಗಲು ಹಾಕಿದ ಬಟ್ಟೆ, ನಿಂತ ಜನ, ಎಲ್ಲವನ್ನೂ ತೋರಿಸಿದಳು. ಆ ಕಡೆಯವಳ ಏಳು ವರ್ಷದ ಮಗಳನ್ನು ಎಳೆದು ಮುಂದೆ ನಿಲ್ಲಿಸಿದಳು. ಆ ಕೂಸು ನಾಚಿ ಅಜ್ಜಿಯ ಸೀರೆಯೊಳಗೆ ಮುಖ ಹುದುಗಿಸಿತು. ಬೆಂಚಿನವಳು ಏನೋ ಕೇಳಿದಳು, ಸಣ್ಣ ದನಿಯಲ್ಲಿ. ಗಂಡ ನನ್ನ ಪಕ್ಕಕ್ಕೆ ಬಂದು ಕನ್ನಡದಲ್ಲಿ ಪಿಸುಗುಟ್ಟಿದ.

"ನಿನ್ನ ಒಳಗೆ ಬಿಟ್ಕಂಡ್ರಾ, ಯಾರೂ ಏನೂ ಅನ್ನಲಿಲ್ವಾ ಅಂತ ಕೇಳ್ತಾಳೆ."

ಗೆಳತಿ ಉತ್ತರ ಕೊಟ್ಟಳು. ಅದನ್ನೂ ಗಂಡ ಕನ್ನಡದಲ್ಲಿ ಹೇಳಿದ.

"ಅಂದ್ರು, ಬಾಯಿಗೆ ಬಂದಂಗೆ ಬೈದ್ರು, ಇಷ್ಟು ದಿನ ಮನಿಗೆ ಯಾಕೆ ಬರಲಿಲ್ಲ ಅಂತ ಬೈದ್ರು ಅಂತಾಳೆ."

ಬೆಂಚಿನ ತುದಿಯಲ್ಲಿದ್ದವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಆಮೇಲೆ ಕೈ ತೆಗೆದು ಮತ್ತೊಂದು ಮಾತು ಹೇಳಿದಳು. ಗಂಡ ಅದನ್ನೂ ಕನ್ನಡಕ್ಕೆ ತಂದ.

"ಅತ್ತೆಗೆ ಫೋನ್ ಕೊಡಬೇಕಂತೆ. ನನಗೂ ಬೈಯಾಕೆ ಹೇಳು ಅಂತಾಳೆ."

ಅಜ್ಜಿ ಫೋನು ಇಸಿದುಕೊಂಡಳು. ಮುಖದ ಹತ್ತಿರ, ತೀರಾ ಹತ್ತಿರ ಹಿಡಿದುಕೊಂಡು ಶುರುಮಾಡಿದಳು. ಆ ಬೈಗುಳಕ್ಕೆ ಗಾಳಿಯಲ್ಲಿದ್ದ ಕಾಗೆಗಳೂ ಚದುರಬೇಕು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಬಾಯಿ ನಿಲ್ಲುತ್ತಿರಲಿಲ್ಲ. ಆ ಕಡೆ ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ, ಒಂದು ಕೈಯನ್ನು ಮುಂದೆ ಚಾಚಿ ಬೆರಳಾಡಿಸುತ್ತಿದ್ದಳು. ಅಷ್ಟರಲ್ಲಿ ಅಧಿಕಾರಿಯ ಗಾಬರಿಯ ಮುಖ ತೆರೆಯ ತುಂಬ ಬಂತು.

"ಮೇಡಂ, ಏನು ನಡೆಯುತ್ತಿದೆ ಅಲ್ಲಿ? ಈಕೆ ಪೆನ್ನು ಕೇಳುತ್ತಿದ್ದಾರೆ. ಆದರೆ ಆ ಹಿರಿಯರು ಹೆದರಿಸುತ್ತಿದ್ದಾರಾ? ಹೆದರಿಸಿ ಹಾಕಿಸಿದ ಸಹಿಯನ್ನು ನಾನು ತೆಗೆದುಕೊಳ್ಳುವಂತಿಲ್ಲ."

"ಇಲ್ಲ ಸರ್," ಎಂದೆ, "ಮನೆಗೆ ಕರೀತಿದ್ದಾರೆ. ಪೆನ್ನು ಕೊಡಿ."